ಬಾಗಿಲಕಂಬದ ಮೇಲಿನ ಮಾತು

ನಮ್ಮೂರು ಮುಳಬಾಗಿಲು. 'ಮೂಡಲ ಬಾಗಿಲು' ಸವೆದು ಸವೆದು ಮುಳಬಾಗಿಲಾಯಿತು ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು. ಹೆಸರಿನಲ್ಲೇ ಬಾಗಿಲು ಇಟ್ಟುಕೊಂಡ ಊರಿನವನು ಎಂಬ ಕಾರಣಕ್ಕೋ ಏನೋ, ಹೋದ ಕಡೆಯೆಲ್ಲ ಬಾಗಿಲು ನೋಡುತ್ತ ನಿಲ್ಲುವ ಚಟ ನನಗೆ :)

ಹಾಗೆ ಒಮ್ಮೆ ಕೊಚ್ಚಿಯ ಮಟ್ಟಾಂಚೇರಿಯಲ್ಲಿ, 1568ರ ಪರದೇಶಿ ಸಿನಗಾಗ್ ಇರುವ ಬೀದಿಯಲ್ಲಿ ನಿಂತಿದ್ದೆ. ಒಂದು ಅಂಗಡಿಯ ಬಲಗಡೆಯ ಬಾಗಿಲಕಂಬದಲ್ಲಿ, ಭುಜದೆತ್ತರಕ್ಕೆ, ಬೆರಳುದ್ದದ ಮಾಸಿದ ಗುರುತು. ಮೇಲೊಂದು ಕೆಳಗೊಂದು ಮೊಳೆಯ ತೂತು. "ಅಲ್ಲಿ ಮೆಜುಜಾ ಇತ್ತು. ಮನೆಯವರು ಇಸ್ರೇಲಿಗೆ ಹೋದರು" ಅಂದ ಅಂಗಡಿಯವನು.

ಮೆಜುಜಾ ಅಂದರೆ ಹೀಬ್ರೂ ಭಾಷೆಯಲ್ಲಿ ಬಾಗಿಲಕಂಬ ಅಂತಲೇ ಅರ್ಥ. ಕಂಬದ ಹೆಸರು ಅದಕ್ಕೆ ಬಡಿದ ಸುರುಳಿಗೂ ಬಂತು. ಈ ಮಾತುಗಳನ್ನು ನಿನ್ನ ಮನೆಯ ಬಾಗಿಲಕಂಬಗಳ ಮೇಲೆ ಬರೆ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಅದರ 6 ಮತ್ತು 11ನೇ ಅಧ್ಯಾಯಗಳ ಎರಡು ಭಾಗಗಳನ್ನು ತೊಗಲಿನ ಮೇಲೆ 22 ಸಾಲುಗಳಲ್ಲಿ, 713 ಅಕ್ಷರಗಳಲ್ಲಿ ಕೈಯಿಂದಲೇ ಬರೆಯಬೇಕು. ಒಂದಕ್ಷರ ಬಿಟ್ಟುಹೋದರೂ ನಡೆಯದು. ಏಳು ವರ್ಷಕ್ಕೆ ಎರಡು ಸಲ ಬಿಚ್ಚಿ ನೋಡಬೇಕು, ಅಕ್ಷರ ಮಾಸಿದೆಯೋ ಏನೋ ಅಂತ. ಮರ, ಬೆಳ್ಳಿ, ಗಾಜಿನ ಕಲೆಗಾರಿಕೆಯೆಲ್ಲ ಹೊರಗಿನ ಡಬ್ಬಿಗೆ. ಬೆಲೆ ಇರುವುದು ಯಾರಿಗೂ ಕಾಣದ ಒಳಗಿನ ಬರವಣಿಗೆಗೆ.

ಅದನ್ನು ನೆಟ್ಟಗೆ ನಿಲ್ಲಿಸಬೇಕು ಅಂದ ಪಂಡಿತ ರಾಶಿ. ಅಡ್ಡ ಇಡಬೇಕು ಅಂದ ಅವನ ಮೊಮ್ಮಗ ರಬ್ಬೇನು ತಾಮ್. ಅಶ್ಕೆನಾಜಿ ಯಹೂದಿಗಳು ತಾತನನ್ನೂ ನೋಯಿಸದೆ ಮೊಮ್ಮಗನನ್ನೂ ಬಿಡದೆ ಓರೆಯಾಗಿ ಹಾಕುತ್ತಾರೆ! ಸೆಫಾರ್ಡಿಗಳದು ನೆಟ್ಟಗೆ.

ಇದು ರಕ್ಷೆಯೋ, ನೆನಪೋ? ಅವರೊಳಗೇ ಈ ಜಗಳ ಹಳೆಯದು. ದೇವದೂತರ ಹೆಸರುಗಳನ್ನು ಸುರುಳಿಯೊಳಗೆ ಸೇರಿಸಿ ತಾಯತ ಮಾಡಿಕೊಳ್ಳುವವರನ್ನು 12ನೇ ಶತಮಾನದ ಮೈಮೊನಿಡೀಸ್ ಕಟುವಾಗಿ ಬೈದಿದ್ದಾನೆ. ಓದಿದಾಗ ನನಗೆ 1990ರ ದಶಕದಲ್ಲಿ ನಮ್ಮ ಕಡೆ ಬಾಗಿಲುಗಳ ಮೇಲೆ ಬರೆದ 'ನಾಳೆ ಬಾ' ನೆನಪಾಯಿತು. ದೆವ್ವ ಓದಿ ವಾಪಸು ಹೋಗಲಿ ಅಂತ ಬರೆದದ್ದು. ಮೆಜುಜಾ ಓದಬೇಕಾದವನು ದೆವ್ವ ಅಲ್ಲ, ಮನೆಯವನೇ.

ಇದಕ್ಕೂ ಕೋಲಾರಕ್ಕೂ ಏನು ಸಂಬಂಧ ಅಂತೀರಾ? ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಯಹೂದಿ ರೂಬಿನ್ ಮೋಸಸ್ ಈ ಕಡೆ ಬಂದದ್ದು ಕೋಲಾರದ ಚಿನ್ನದ ಸುದ್ದಿ ಕೇಳಿ ಅಂತ ಆ ಮನೆತನದವರು ಹೇಳುತ್ತಾರೆ. ಮಾಗಡಿ ರಸ್ತೆಯಲ್ಲಿ ಮೈಸೂರು ಅರಸರು 1904ರಲ್ಲಿ ಕೊಟ್ಟ ಜಾಗದಲ್ಲಿ ಯಹೂದಿಗಳ ಪುಟ್ಟ ಸ್ಮಶಾನವಿದೆ.

ಪೋಲೆಂಡಿನಲ್ಲಿ ಹತ್ಯಾಕಾಂಡದ ನಂತರ ಬಾಗಿಲಕಂಬಗಳಲ್ಲಿ ಬರೀ ಗುರುತುಗಳೇ ಉಳಿದವು. ಮಿ ಪೋಲಿನ್ ಎಂಬ ಹೆಸರಿನಲ್ಲಿ 2014ರಿಂದ ಕೆಲಸ ಮಾಡುವ ಇಬ್ಬರು ಕಲಾವಿದರು ಆ ಖಾಲಿ ಗುರುತುಗಳ ಅಚ್ಚು ತೆಗೆದು, ಕಂಚಿನಲ್ಲಿ ಎರಕ ಹೊಯ್ದು, ಹೊಸ ಮೆಜುಜಾ ಮಾಡುತ್ತಾರೆ. ಹೊರಗೆ ಆ ಮನೆಯ ವಿಳಾಸ ಇರುತ್ತದೆ. ಚಿತ್ರ ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಯಾಕೆಂದರೆ ಶ್ರೀನಿವಾಸಪುರದ ಅಜ್ಜಿಯ ಮನೆ ಮಾರಿದಾಗ ನಾವೂ ದಾರಂದದ ಮುಂದೆ ನಿಂತು ವಾದ ಮಾಡಿದ್ದೆವು. ಮೇಲೆ ಕೆತ್ತಿದ ಗಜಲಕ್ಷ್ಮಿ, ಕೆಳಗೆ ಅಜ್ಜಿ ದಿನಾ ಅರಿಶಿನ ಹಚ್ಚುತ್ತಿದ್ದ ಹೊಸಿಲು. ಕಿತ್ತು ತರಬೇಕು ಅಂದೆ ನಾನು. "ಬರುವವರ ಮನೆ ಬೋಳಾಗುತ್ತೆ ಕಣೋ" ಅಂದರು ಅಮ್ಮ. ಯಹೂದಿಗಳಲ್ಲೂ ಹೀಗೇ ಒಂದು ನಿಯಮವಿದೆ ಅಂತ ಆಮೇಲೆ ತಿಳಿಯಿತು: ಮುಂದೆ ಬರುವವನು ಯಹೂದಿಯಾದರೆ ಮೆಜುಜಾ ಕಿತ್ತುಕೊಂಡು ಹೋಗುವಂತಿಲ್ಲ. ನಾನು ಅಮ್ಮನ ಮಾತು ಕೇಳಲಿಲ್ಲ. ಆ ದಾರಂದ ಈಗ ಚಿಕ್ಕಪ್ಪನ ಮಾವಿನ ತೋಪಿನ ಶೆಡ್ಡಿನಲ್ಲಿ, ಖಾಲಿ ಕ್ರೇಟುಗಳ ಹಿಂದೆ ಗೋಡೆಗೆ ಒರಗಿಕೊಂಡಿದೆ. ಹೊಸಿಲಿನ ಗೀರುಗಳಲ್ಲಿ ಅರಿಶಿನ ಇನ್ನೂ ಇದೆ.