ಕೇಳುವ ವಾಕ್ಯ, ತಿದ್ದುವ ವಾಕ್ಯ

ಇತಿಹಾಸದ ಪಾಠ ಹೇಳಿ ನಿವೃತ್ತನಾದವನು ಗಣಕಯಂತ್ರದ ಭಾಷೆಯೊಂದರ ಚರಿತ್ರೆಯನ್ನು ಬರೆಯಹೊರಟಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಎಸ್‌ಕ್ಯೂಎಲ್ ಎಂಬ ಆ ಭಾಷೆಯಿಂದಲೇ ಅನ್ನ ಸಂಪಾದಿಸುವ ಶಿಷ್ಯರು ನನಗಿದ್ದಾರೆ. ತಪ್ಪಿದ್ದರೆ ಅವರು ತಿದ್ದಲಿ. ನಾನು ಅದನ್ನು ಕಲಿತದ್ದು ನಿಮ್ಮೆಲ್ಲರ ಹೆಸರು, ಊರುಗಳ ಪಟ್ಟಿಯನ್ನು ಕ್ರಮಪಡಿಸುವ ಸಲುವಾಗಿ. ಕಲಿಸಿದವನು ಮೊಮ್ಮಗ. ಕಲಿತ ಮೇಲೆ ನಡೆದ ಅನಾಹುತವನ್ನು ಮುಂದೆ ಹೇಳುತ್ತೇನೆ.

1960ರ ದಶಕದಲ್ಲಿ ಗಣಕಯಂತ್ರದಲ್ಲಿ ದೊಡ್ಡ ದಾಖಲೆಗಳನ್ನಿಡುವ ವ್ಯವಸ್ಥೆಗಳು ಆಗಲೇ ಇದ್ದವು. ಚಂದ್ರಯಾನದ ಅಪೊಲೊ ಯೋಜನೆಯ ಬಿಡಿಭಾಗಗಳ ಲೆಕ್ಕಕ್ಕೆಂದು ಐಬಿಎಂ ಸಂಸ್ಥೆ ಐಎಂಎಸ್ ಎಂಬುದನ್ನು ರೂಪಿಸಿತ್ತು. ಅಲ್ಲಿ ಮಾಹಿತಿಯೆಲ್ಲ ವಂಶವೃಕ್ಷದಂತೆ ಜೋಡಣೆಗೊಂಡಿರುತ್ತಿತ್ತು. ಬೇಕಾದುದನ್ನು ತಲುಪಲು ದಾರಿ ತಿಳಿದಿರಬೇಕು: ಯಾವ ಬೀರು, ಯಾವ ಖಾನೆ, ಯಾವ ಕಟ್ಟು, ಅದರೊಳಗೆ ಎಷ್ಟನೆಯ ಹಾಳೆ. ಬೀರುವಿನ ಜಾಗ ಬದಲಾದರೆ ಅಲ್ಲಿಗೆ ಹೋಗುವ ಎಲ್ಲ ಆದೇಶಗಳನ್ನೂ ಹೊಸದಾಗಿ ಬರೆಯಬೇಕು. ಹೀಗೆ ದಾರಿ ಬಲ್ಲವನಾಗಿರುವುದನ್ನು ಆ ಕಾಲದವರು ಹೆಮ್ಮೆಯ ವಿಷಯವೆಂದೇ ಭಾವಿಸಿದ್ದರು. 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಚಾರ್ಲ್ಸ್ ಬ್ಯಾಕ್‌ಮನ್ ತಮ್ಮ ಉಪನ್ಯಾಸದಲ್ಲಿ ಪ್ರೋಗ್ರಾಮ್ ಬರೆಯುವವನನ್ನು ಕಡಲಯಾನದ ದಾರಿಗಾರನಿಗೆ ಹೋಲಿಸಿದರು.

ಇದನ್ನು ಒಪ್ಪದಿದ್ದವರು ಎಡ್ಗರ್ ಕಾಡ್. ಇಂಗ್ಲೆಂಡಿನ ಪೋರ್ಟ್‌ಲೆಂಡ್ ದ್ವೀಪದಲ್ಲಿ 1923ರಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಕ್ಸ್‌ಫರ್ಡಿನಲ್ಲಿ ಗಣಿತ ಓದಿ, ಅಮೆರಿಕೆಗೆ ಹೋಗಿ ಐಬಿಎಂ ಸೇರಿದವರು. 1970ರ ಜೂನ್ ತಿಂಗಳಲ್ಲಿ ಪ್ರಕಟವಾದ ಅವರ ಪ್ರಬಂಧದ ಸಾರ ಇಷ್ಟು: ಎಲ್ಲ ಮಾಹಿತಿಯನ್ನೂ ಸಾದಾ ಕೋಷ್ಟಕಗಳಲ್ಲಿ ಇಡಿ, ಕೇಳುವವನು ತನಗೆ ಏನು ಬೇಕೆಂಬುದನ್ನು ಮಾತ್ರ ಹೇಳಲಿ, ಅದನ್ನು ಹೇಗೆ ಹುಡುಕಬೇಕೆಂಬುದು ಯಂತ್ರದ ಪಾಡಾಗಲಿ. ಹಾಜರಿ ಪುಸ್ತಕದ ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಕುಳಿತ ನನಗೆ ಇದು ಹೊಸ ಮಾತೆನಿಸಲಿಲ್ಲ. ಸಾಲಿಗೊಬ್ಬ ಹುಡುಗ, ಕಂಬಕ್ಕೊಂದು ವಿವರ. ಕೋಷ್ಟಕವೆಂದರೆ ಅದೇ ತಾನೆ? ಆದರೆ ಅದಕ್ಕೆ ಗಣಿತದ ತಳಹದಿ ಹಾಕಿ, ಅದರ ಮೇಲೆ ಏನನ್ನಾದರೂ ಕಟ್ಟಬಹುದೆಂದು ತೋರಿಸಿದವರು ಕಾಡ್.

ಅವರ ಬರಹ ಮಾತ್ರ ಗಣಿತದ ಚಿಹ್ನೆಗಳಿಂದ ತುಂಬಿ ಸಾಮಾನ್ಯರಿಗೆ ಎಟುಕದಂತಿತ್ತು. ಅದನ್ನು ಕೆಳಗಿಳಿಸಿ ತಂದವರು ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬ ಇಬ್ಬರು ತರುಣರು. ಮೊದಲು ಅವರು ರಚಿಸಿದ ಸ್ಕ್ವೇರ್ ಎಂಬ ಭಾಷೆಯನ್ನು ಕೀಲಿಮಣೆಯಲ್ಲಿ ಒತ್ತುವುದೇ ಕಷ್ಟವಾಗಿತ್ತು. ಆಗ ಚಿಹ್ನೆಗಳನ್ನು ಬಿಟ್ಟು ಬರಿಯ ಇಂಗ್ಲಿಷ್ ಪದಗಳನ್ನೇ ಬಳಸಿ ಸೀಕ್ವೆಲ್ ಎಂಬುದನ್ನು ರೂಪಿಸಿ, 1974ರ ಮೇ ತಿಂಗಳಲ್ಲಿ ಮಿಷಿಗನ್ ಪ್ರಾಂತದ ಆ್ಯನ್ ಆರ್ಬರ್ ನಗರದಲ್ಲಿ ಪರಿಚಯಿಸಿದರು. ಪ್ರೋಗ್ರಾಮ್ ಬರೆಯಲು ಬಾರದ ಲೆಕ್ಕಿಗರು, ಎಂಜಿನಿಯರುಗಳು ತಾವೇ ಪ್ರಶ್ನೆ ಕೇಳುವಂತಾಗಬೇಕೆಂಬುದು ಅವರ ಆಸೆ. ಅದೇ ವರ್ಷ ಬಾಯ್ಸ್ ಮಿದುಳಿನ ರಕ್ತನಾಳದ ತೊಂದರೆಯಿಂದ ತೀರಿಕೊಂಡರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಈ ಭಾಷೆ ಮುಂದೆ ಏನಾಯಿತೆಂಬುದನ್ನು ಅವರು ನೋಡಲೇ ಇಲ್ಲ.

ಅದರ ಕೇಳುವ ವಾಕ್ಯ ಹೀಗಿರುತ್ತದೆ:

ಸೆಲೆಕ್ಟ್ ಹೆಸರು, ಊರು ಫ್ರಮ್ ವಿದ್ಯಾರ್ಥಿಗಳು ವೇರ್ ವರ್ಷ = 1984

ಇಂಗ್ಲಿಷಿನ ಜಾಯಮಾನಕ್ಕೆ ತಕ್ಕಂತೆ ಇಲ್ಲಿ ಕ್ರಿಯಾಪದ ಮೊದಲು ಬಂದಿದೆ. ಆದರೆ ಇದರ ಅರ್ಥವನ್ನು ಬಿಡಿಸುವ ಕ್ರಮ ಬೇರೆ: ಮೊದಲು ಯಾವ ಕೋಷ್ಟಕ, ಆಮೇಲೆ ಯಾವ ಸಾಲುಗಳು, ಕೊನೆಗೆ ಯಾವ ವಿವರಗಳು. ‘ವಿದ್ಯಾರ್ಥಿಗಳ ಪಟ್ಟಿಯಿಂದ, 1984ರಲ್ಲಿ ತೇರ್ಗಡೆಯಾದವರ, ಹೆಸರು ಮತ್ತು ಊರನ್ನು ಆಯ್ದು ಕೊಡು’ ಎಂಬ ನಮ್ಮ ವಾಕ್ಯದ ಕ್ರಮವೇ ಅದು! ಕನ್ನಡದ ಹುಡುಗರಿಗೆ ಇದನ್ನು ಕನ್ನಡದಲ್ಲಿಯೇ ಹೇಳಿಕೊಟ್ಟರೆ ಬೇಗ ಹತ್ತುತ್ತದೆಂದು ನನ್ನ ಗಟ್ಟಿ ಅಭಿಪ್ರಾಯ. ಮೊಮ್ಮಗ ಒಪ್ಪುವುದಿಲ್ಲ.

ತಿದ್ದುವ ವಾಕ್ಯ ಇದು:

ಅಪ್‌ಡೇಟ್ ವಿದ್ಯಾರ್ಥಿಗಳು ಸೆಟ್ ಊರು = 'ಹಾಸನ' ವೇರ್ ಕ್ರಮಸಂಖ್ಯೆ = 217

ಕೇಳುವುದು, ತಿದ್ದುವುದು, ಕೋಷ್ಟಕ ಕಟ್ಟುವುದು, ಯಾರಿಗೆ ಯಾವ ಅಧಿಕಾರವೆಂದು ಗೊತ್ತುಪಡಿಸುವುದು, ಇವೆಲ್ಲವನ್ನೂ 1976ರ ಎರಡನೆಯ ಆವೃತ್ತಿ ಒಂದೇ ಭಾಷೆಯಲ್ಲಿ ಒಟ್ಟುಗೂಡಿಸಿತು. ಸೀಕ್ವೆಲ್ ಎಂಬ ಹೆಸರು ಬ್ರಿಟನ್ನಿನ ವಿಮಾನ ಕಂಪನಿಯೊಂದರ ಸ್ವಾಮ್ಯಮುದ್ರೆಯಾಗಿದ್ದುದರಿಂದ ಅದು ಎಸ್‌ಕ್ಯೂಎಲ್ ಎಂದು ಮೊಟಕಾಯಿತು. 1979ರಲ್ಲಿ ಇದನ್ನು ಮೊದಲು ಮಾರುಕಟ್ಟೆಗೆ ತಂದದ್ದು ಐಬಿಎಂ ಅಲ್ಲ, ಇಂದು ಒರಾಕಲ್ ಎಂದು ಹೆಸರಾಗಿರುವ, ಆಗ ತೀರ ಚಿಕ್ಕದಾಗಿದ್ದ ಕಂಪನಿ. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಮನ್ನಣೆ ದೊರೆಯಿತು.

ನಮ್ಮ ರಾಜ್ಯದ ರೈತರಿಗೆ ಇದರ ಫಲ ಮುಟ್ಟಿದ್ದು ‘ಭೂಮಿ’ ಯೋಜನೆಯಿಂದ. ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು 2000ದ ಆಸುಪಾಸಿನಲ್ಲಿ ಗಣಕಯಂತ್ರವನ್ನು ಸೇರಿದವು. ತಾಲ್ಲೂಕು ಕಚೇರಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿಯ ಪ್ರತಿ ಕೈಗೆ ಬರುತ್ತಿತ್ತು. ಅದು ಕೇಳುವ ವಾಕ್ಯದ ಕೆಲಸ. ಖಾತೆ ಬದಲಾವಣೆ ಹಾಗಲ್ಲ. ಅರ್ಜಿ ಬರಬೇಕು, ನೋಟಿಸು ಹೊರಡಬೇಕು, ಆಕ್ಷೇಪಣೆಗೆ ಕಾಲಾವಕಾಶ ಕೊಡಬೇಕು, ತಿದ್ದುವ ಅಧಿಕಾರವುಳ್ಳ ನೌಕರ ಯಂತ್ರಕ್ಕೆ ಬೆರಳಚ್ಚು ಕೊಡಬೇಕು. ಆಮೇಲೆ ತಿದ್ದುಪಡಿ.

ನನ್ನ ಬಳಿ ಅಂಥ ಯಾವ ಕಟ್ಟಳೆಯೂ ಇರಲಿಲ್ಲ. ಶಿಷ್ಯೆಯೊಬ್ಬಳು ಹಾಸನಕ್ಕೆ ವರ್ಗವಾಗಿದೆಯೆಂದು ಬರೆದಿದ್ದಳು. ಅದನ್ನು ದಾಖಲಿಸಲು ಕುಳಿತವನು ‘ವೇರ್’ ಎಂಬಲ್ಲಿಂದ ಮುಂದಿನದನ್ನು ಬರೆಯಲು ಮರೆತು ಗುಂಡಿ ಒತ್ತಿಬಿಟ್ಟೆ. 412 ಸಾಲುಗಳು ಬದಲಾದವೆಂದು ಯಂತ್ರ ಶಾಂತವಾಗಿ ತಿಳಿಸಿತು. ಅಮೆರಿಕದಲ್ಲಿದ್ದವರೂ ಬೀದರಿನಲ್ಲಿದ್ದವರೂ ಕ್ಷಣಾರ್ಧದಲ್ಲಿ ಹಾಸನದವರಾದರು. ಯಂತ್ರದ ತಪ್ಪೇನಿಲ್ಲ. ಕಾಡ್ ಅವರ ತರ್ಕದಲ್ಲಿ ಆದೇಶವು ಇಡೀ ಸಮೂಹಕ್ಕೆ ಸಲ್ಲುತ್ತದೆ; ಷರತ್ತು ಹಾಕದಿದ್ದರೆ ಯಾವ ಸಾಲೂ ಹೊರಗುಳಿಯುವುದಿಲ್ಲ.

ಇಂಥ ತಪ್ಪಿಗೂ ಹಿಂದಿನವರು ದಾರಿ ಮಾಡಿದ್ದರು. ಬದಲಾವಣೆಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು, ‘ಕಮಿಟ್’ ಎಂದರೆ ಸ್ಥಿರಪಡಿಸುವ, ‘ರೋಲ್‌ಬ್ಯಾಕ್’ ಎಂದರೆ ರದ್ದುಗೊಳಿಸುವ ಏರ್ಪಾಟದು. ಅದರ ಹಿಂದಿನ ತತ್ವಗಳನ್ನು ರೂಪಿಸಿದವರಲ್ಲಿ ಪ್ರಮುಖರಾದ ಜಿಮ್ ಗ್ರೇ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. 2007ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೊರಟು ಕಡಲಲ್ಲಿ ಕಾಣೆಯಾದರು. ನನ್ನ ಯಂತ್ರವೋ ಪ್ರತಿಯೊಂದು ಆದೇಶವನ್ನೂ ಕೂಡಲೇ ಸ್ಥಿರಪಡಿಸುವಂತೆ ಅಣಿಗೊಂಡಿತ್ತು. ಹಾಜರಿ ಪುಸ್ತಕದಲ್ಲಿ ತಪ್ಪಿಗೆ ಕೆಂಪು ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕುತ್ತಿದ್ದೆವು. ಹಳೆಯದು ಗೆರೆಯ ಕೆಳಗೆ ಓದಲು ಉಳಿಯುತ್ತಿತ್ತು. ಇಲ್ಲಿ ಏನೂ ಉಳಿಯಲಿಲ್ಲ.

ಮೂರು ವಾರ ಹಳೆಯ ಕಾಗದಗಳನ್ನೂ ಮದುವೆಯ ಕರೆಯೋಲೆಗಳನ್ನೂ ಹರಡಿಕೊಂಡು ಕುಳಿತು ಒಬ್ಬೊಬ್ಬರನ್ನೇ ಅವರವರ ಊರಿಗೆ ಕಳುಹಿಸಿದೆ. ಈಗ ಪ್ರತಿ ಸಲ ಮೊದಲು ಸೆಲೆಕ್ಟ್ ಬರೆದು, ಸಾಲು ಒಂದೇ ಬಂದಿತೆಂದು ಕಣ್ಣಾರೆ ಕಂಡ ಮೇಲೆಯೇ ಅದೇ ಷರತ್ತಿನೊಡನೆ ಅಪ್‌ಡೇಟ್ ಬರೆಯುತ್ತೇನೆ. ಇನ್ನೂ 9 ಮಂದಿ ಹಾಸನದಲ್ಲಿಯೇ ಉಳಿದಿದ್ದಾರೆ; ಅವರ ಕಾಗದಗಳು ನನ್ನಲ್ಲಿಲ್ಲ. ಆರು ಮಂದಿ 1991ರ ತಂಡದವರು, ಮೂವರು 1987ರವರು. ನಿಮ್ಮ ಜೊತೆಯಲ್ಲಿ ಓದಿದವರು ಈಗ ಎಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ನನಗೆ ಬರೆಯಿರಿ.