ಹೌದು, ಆಮೇಲೆ?

1906ರ ನವೆಂಬರ್ ತಿಂಗಳು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ನಡೆದ ಮನೋವೈದ್ಯರ ಸಭೆಯಲ್ಲಿ ಆಲೋಯಿಸ್ ಆಲ್‌ಝೈಮರ್ ಅನ್ನೋ ಡಾಕ್ಟರು, ಆ ವರ್ಷವಷ್ಟೇ ತೀರಿಕೊಂಡಿದ್ದ ರೋಗಿಯೊಬ್ಬಳ ಮೆದುಳಿನಲ್ಲಿ ತಾವು ಕಂಡದ್ದನ್ನು ವಿವರಿಸಿದರು. ಐವತ್ತರ ಆಸುಪಾಸಿನಲ್ಲೇ ಎಲ್ಲವನ್ನೂ ಮರೆಯತೊಡಗಿದ್ದ ಹೆಂಗಸು ಆಕೆ. ಇವತ್ತು ಆ ಕಾಯಿಲೆಗೆ ಆ ಡಾಕ್ಟರ ಹೆಸರೇ ಇದೆ. ಅದೇ ತಿಂಗಳು ಅಮೆರಿಕದ ಷಿಕಾಗೋದಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಮುಂದೆ ವಯೋಲಾ ಸ್ಪೋಲಿನ್ ಅಂತ ಹೆಸರಾಗಿ, ಇಂಪ್ರೊವ್ ನಾಟಕದ ತಾಯಿ ಅನ್ನಿಸಿಕೊಂಡವರು.

ಈ ಎರಡು ದಾರಿಗಳು ಬಂದು ಕೂಡೋದಕ್ಕೆ ಹತ್ತಿರ ಹತ್ತಿರ ತೊಂಬತ್ತು ವರ್ಷ ಬೇಕಾಯ್ತು. ಆ ಕತೆ ಹೇಳೋಣ ಅಂತ ಈ ಬರಹ.

ಇಂಪ್ರೊವ್ ಅಂದ್ರೆ ಬರೆದಿಟ್ಟ ಮಾತಿಲ್ಲದ ನಾಟಕ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಎದುರಿನವರ ಮಾತು ಹಿಡಿದು ಅಲ್ಲೇ ಮಾತು ಕಟ್ಟುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಆದರೆ ಇಲ್ಲಿ ಪ್ರಸಂಗವೂ ಮೊದಲೇ ಗೊತ್ತಿರೋದಿಲ್ಲ! ಹಾಗಾಗಿ ಒಂದು ನಿಯಮ ಬೇಕೇ ಬೇಕು. ಜೊತೆಗಾರ "ಅಯ್ಯೋ ಹಡಗು ಮುಳುಗ್ತಾ ಇದೆ" ಅಂದರೆ "ಇದು ಹಡಗಲ್ಲ, ಸ್ಟೇಜು" ಅನ್ನುವಂತಿಲ್ಲ. "ಹೌದು, ನೀರು ಆಗಲೇ ಮೊಣಕಾಲಿಗೆ ಬಂತು" ಅನ್ನಬೇಕು. ಅವರು ಕೊಟ್ಟದ್ದನ್ನು ಒಪ್ಪಿ, ಅದಕ್ಕೆ ನಮ್ಮದೂ ಒಂದು ಎಳೆ ಸೇರಿಸಬೇಕು. ಇದಕ್ಕೆ "ಯೆಸ್, ಆಂಡ್" ಅಂತಾರೆ. ನಾನು "ಹೌದು, ಆಮೇಲೆ?" ಅಂದುಕೊಂಡಿದ್ದೇನೆ.

ನಾಟಕದವರ ಈ ಉಪಾಯವನ್ನು ಮರೆಗುಳಿ ಕಾಯಿಲೆಯವರನ್ನು ನೋಡಿಕೊಳ್ಳೋರು ಎರವಲು ತಂದರು ಅಂತ ಸಾಮಾನ್ಯವಾಗಿ ಹೇಳೋದುಂಟು. ಇತಿಹಾಸ ನೋಡಿದರೆ ನನಗೆ ಉಲ್ಟಾ ಕಾಣುತ್ತೆ. ಈ ಆಟ ಹುಟ್ಟಿದ್ದೇ ಸೇವೆಯ ಮನೆಯಲ್ಲಿ. ನಾಟಕಕ್ಕೆ ಅದು ಹೋಗಿದ್ದು ಆಮೇಲೆ.

1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಷಿಕಾಗೋದ ಬಡ ಕೇರಿಯಲ್ಲಿ ಹಲ್ ಹೌಸ್ ಶುರುಮಾಡಿದರು. ಸುತ್ತ ಇದ್ದವರೆಲ್ಲ ಯೂರೋಪಿನಿಂದ ಹೊಟ್ಟೆಪಾಡಿಗೆ ಬಂದ ವಲಸೆಗಾರರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅಲ್ಲಿ ನೀವಾ ಬಾಯ್ಡ್ ಅನ್ನೋ ಸಮಾಜಸೇವಕಿ ಆಟಗಳ ಮೂಲಕ ಜನರನ್ನು ಬೆಸೆಯೋದನ್ನು ಕಲಿಸುತ್ತಿದ್ದರು. ಬರೀ ಮಕ್ಕಳಿಗಲ್ಲ. 1919ರಲ್ಲೇ ಅವರು ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದವರಿಗಾಗಿ ಆಟಗಳ ಪುಸ್ತಕವೊಂದನ್ನು ತಂದಿದ್ದರು. ನೋಡಿ, ಆಟ ಸ್ಟೇಜು ಹತ್ತೋಕೆ ಮುಂಚೆಯೇ ರೋಗಿಯ ಮಂಚದ ಪಕ್ಕ ಕೂತಿತ್ತು!

ಸ್ಪೋಲಿನ್ 1924ರಿಂದ ಬಾಯ್ಡ್ ಬಳಿ ಕಲಿತರು. 1930ರ ದಶಕದ ಕೊನೆಗೆ ಸರ್ಕಾರಿ ಉದ್ಯೋಗ ಯೋಜನೆಯೊಂದರಲ್ಲಿ ಷಿಕಾಗೋದ ವಲಸೆಗಾರರಿಗೂ ಮಕ್ಕಳಿಗೂ ನಾಟಕ ಕಲಿಸೋ ಕೆಲಸ ಸಿಕ್ಕಿದಾಗ, ಭಾಷೆಯ ತೊಡಕು ದಾಟಲು ತಾವೇ ಹೊಸ ಆಟಗಳನ್ನು ಕಟ್ಟಿದರು. ಅವರ ಮಗ ಪಾಲ್ ಸಿಲ್ಸ್ ಆ ಆಟಗಳನ್ನು 1955ರಲ್ಲಿ ಕಂಪಾಸ್ ಪ್ಲೇಯರ್ಸ್ ತಂಡಕ್ಕೆ, 1959ರಲ್ಲಿ ಸೆಕೆಂಡ್ ಸಿಟಿಗೆ ಒಯ್ದರು. ನಡುವೆ 1957ರಲ್ಲಿ ಸೇಂಟ್ ಲೂಯಿಸ್‌ನಲ್ಲಿದ್ದ ಕಂಪಾಸ್ ತಂಡದ ಎಲೇನ್ ಮೇ, ಟೆಡ್ ಫ್ಲಿಕರ್ ಮೊದಲಾದವರು ಕೂತು ನಿಯಮ ಮಾಡಿಕೊಂಡರು. ಎದುರಿನವ ಮುಂದಿಟ್ಟ ವಾಸ್ತವವನ್ನು ಅಲ್ಲಗಳೆಯಬಾರದು ಅನ್ನೋದು ಅವುಗಳಲ್ಲೊಂದು. ಅಲ್ಲಿಂದ ಅದು ಕಾಮಿಡಿಯ ಸೊತ್ತಾಯಿತು.

ಅದೇ ಹೊತ್ತಿಗೆ ಆಸ್ಪತ್ರೆಗಳಲ್ಲಿ ಏನು ನಡೀತಿತ್ತು? ತದ್ವಿರುದ್ಧ! 1958ರಲ್ಲಿ ಕಾನ್ಸಾಸ್‌ನ ಟೊಪೀಕಾದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಜೇಮ್ಸ್ ಫೋಲ್ಸಮ್ "ರಿಯಾಲಿಟಿ ಓರಿಯೆಂಟೇಶನ್" ಅನ್ನೋ ಪದ್ಧತಿ ಶುರುಮಾಡಿದರು. ಗೋಡೆಗೆ ಒಂದು ಬೋರ್ಡು: ಇವತ್ತು ಯಾವ ವಾರ, ಯಾವ ತಾರೀಖು, ಹವೆ ಹೇಗಿದೆ, ಮುಂದಿನ ಊಟ ಯಾವುದು. ರೋಗಿ ತಪ್ಪಿದರೆ ತಿದ್ದಬೇಕು. ಅದರಲ್ಲೂ ಒಳ್ಳೆ ಉದ್ದೇಶವೇ ಇತ್ತು ಅನ್ನಿ. ಅದಕ್ಕೂ ಮೊದಲು ಇಂಥವರನ್ನು ಮೂಲೆಯಲ್ಲಿ ಕೂರಿಸಿ ಮರೆತುಬಿಡುತ್ತಿದ್ದ ಕಾಲ. ಇವರಿಗೂ ಏನಾದರೂ ಮಾಡಬಹುದು ಅಂದಿದ್ದೇ ದೊಡ್ಡದು.

ಆದರೆ ಒಬ್ಬ ಅಜ್ಜಿ "ನಮ್ಮನೆಯವರು ಇನ್ನೂ ಬರಲಿಲ್ವಾ?" ಅಂತ ಕೇಳುತ್ತಾಳೆ ಅಂತಿಟ್ಟುಕೊಳ್ಳಿ. "ಅವರು ತೀರಿಕೊಂಡು ಹತ್ತು ವರ್ಷ ಆಯ್ತಲ್ಲಜ್ಜಿ" ಅಂತ ತಿದ್ದಿದರೆ ಆಕೆಯ ಪಾಲಿಗೆ ಗಂಡ ಈಗಷ್ಟೇ ಸತ್ತ. ಅರ್ಧ ಗಂಟೆಗೆ ಅದು ಮರೆತು ಮತ್ತೆ ಕೇಳುತ್ತಾಳೆ, ಅವನು ಮತ್ತೆ ಸಾಯುತ್ತಾನೆ. ದಿನಕ್ಕೆ ಎಷ್ಟು ಸಲ ವಿಧವೆ ಮಾಡೋದು?

ಇದನ್ನು ಪ್ರಶ್ನಿಸಿದವರಲ್ಲಿ ಮುಖ್ಯರು ನವೋಮಿ ಫೈಲ್. 1932ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿ, ಕ್ಲೀವ್‌ಲ್ಯಾಂಡಿನ ವೃದ್ಧಾಶ್ರಮವೊಂದರಲ್ಲೇ ಬೆಳೆದವರು (ಅಪ್ಪ ಅಮ್ಮ ಇಬ್ಬರಿಗೂ ಅಲ್ಲೇ ಕೆಲಸ). 1963ರಿಂದ ಅಲ್ಲಿ ತಾವೂ ಕೆಲಸ ಮಾಡುತ್ತಾ, ತಿದ್ದೋದರಿಂದ ಮುದುಕರು ಇನ್ನಷ್ಟು ಒಳಗೆ ಸರಿದುಕೊಳ್ಳುತ್ತಾರೆ ಅನ್ನೋದನ್ನು ಕಂಡರು. ಅವರ "ವ್ಯಾಲಿಡೇಶನ್" ಪುಸ್ತಕ ಬಂದದ್ದು 1982ರಲ್ಲಿ. ಮಾತಿನ ಹಿಂದಿರೋ ಭಾವನೆಯನ್ನು ಹಿಡಿ, ತಾರೀಖನ್ನಲ್ಲ ಅನ್ನೋದು ಅದರ ಸಾರ. "ಅವರ ನೆನಪು ಬರ್ತಿದೆಯಾ? ಹೇಗಿದ್ರು ಅವರು?" ಅಂತ ಕೇಳೋದು. ಇದು ಸುಳ್ಳಂತೂ ಅಲ್ಲವಲ್ಲ!

ಮುಂದೆ ಬಂದವರು ಆನ್ ಬಾಸ್ಟಿಂಗ್. 1996ರಲ್ಲಿ ನರ್ಸಿಂಗ್ ಹೋಮ್ ಒಂದರಲ್ಲಿ ಹಳೇ ನೆನಪು ಕೆದಕೋ ಪ್ರಯತ್ನಗಳೆಲ್ಲ ಸೋತಮೇಲೆ, ಪತ್ರಿಕೆಯಿಂದ ಮಾರ್ಲ್‌ಬೊರೊ ಸಿಗರೇಟಿನ ಕೌಬಾಯ್ ಚಿತ್ರ ಹರಿದು ತೋರಿಸಿ "ಇವನ ಹೆಸರೇನು?" ಅಂದರು. ಯಾರೋ "ಫ್ರೆಡ್" ಅಂದರು. ಯಾವ ಫ್ರೆಡ್? "ಫ್ರೆಡ್ ಅಸ್ಟೇರ್!" ಅಲ್ಲಿಂದ ಕತೆ, ನಗು, ಹಾಡು. ನೆನಪಿರಬೇಕು ಅನ್ನೋ ಪರೀಕ್ಷೆ ತಪ್ಪಿದ್ದೇ ತಡ, ಮಾತು ಬಂತು. 1998ರಲ್ಲಿ ಅದು "ಟೈಮ್‌ಸ್ಲಿಪ್ಸ್" ಆಯಿತು. 2010ರಲ್ಲಿ ಷಿಕಾಗೋದಲ್ಲೇ ಲುಕಿಂಗ್‌ಗ್ಲಾಸ್ ನಾಟಕ ಕಂಪನಿ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಸೇರಿ, ಮರೆವಿನ ಆರಂಭದಲ್ಲಿರೋರಿಗೆ ಇಂಪ್ರೊವ್ ಕಲಿಸೋ "ಮೆಮರಿ ಆನ್‌ಸಾಂಬಲ್" ಶುರುಮಾಡಿದವು. ಹಲ್ ಹೌಸಿನ ಆಟ ಅದೇ ಊರಿನಲ್ಲಿ ತವರಿಗೆ ಬಂದಂತಾಯ್ತು.

ಕಾಯಿಲೆ ವಾಸಿಯಾಗುತ್ತಾ? ಖಂಡಿತ ಇಲ್ಲ. ಫೈಲ್ ವಿಧಾನದ ಬಗ್ಗೆ 2003ರ ಕಾಕ್ರೇನ್ ಪರಿಶೀಲನೆ, ಫಲ ಇದೆ ಅಥವಾ ಇಲ್ಲ ಅನ್ನೋಕೆ ಆಧಾರ ಸಾಲದು ಅಂತಲೇ ಹೇಳಿತು. ಗಂಡ ಬಾರದ್ದಕ್ಕೆ "ಬಸ್ಸು ಲೇಟು" ಅಂದುಬಿಡೋದು ಸರಿಯಾ ಅನ್ನೋ ಜಗಳವೂ ಮುಗಿದಿಲ್ಲ. ಮಾತ್ರೆ ನುಂಗಿದಿರಾ ಅನ್ನೋ ಪ್ರಶ್ನೆಗೆ "ಹೌದು, ಆಮೇಲೆ" ನಡೆಯೋದೂ ಇಲ್ಲ.

ಆದರೆ ಕಷ್ಟದ ವಿಷಯ ಬೇರೆಯೇ ಇದೆ. ಕರೆನ್ ಸ್ಟಾಬಿ ಮತ್ತು ಗಂಡ ಮಾಂಡಿ ಕಾರ್ಟರ್, ಇಬ್ಬರೂ ಇಂಪ್ರೊವ್ ನಟರು. ಕರೆನ್ ಅವರ ಅಮ್ಮನಿಗೆ ಆಲ್‌ಝೈಮರ್ ಆಗಿ, ಅವರನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಅವರ ಕತೆ 2014ರಲ್ಲಿ ಅಮೆರಿಕದ ರೇಡಿಯೋದಲ್ಲಿ ಬಂದಿತ್ತು. ಕಿಟಕಿಯಾಚೆ ಕೋತಿ ಕಂಡಿತು ಅಂತ ಅತ್ತೆ ಅಂದರೆ ಅಳಿಯ ಕೋತಿಗಳ ಬಗ್ಗೆಯೇ ಮಾತು ಬೆಳೆಸುತ್ತಿದ್ದರು. ಈ ವಿದ್ಯೆಯನ್ನು ಊರಿಗೆಲ್ಲ ಕಲಿಸುತ್ತಿದ್ದ ಮಗಳಿಗೇ ಅದು ಅಳಿಯನಷ್ಟು ಸಲೀಸಾಗಿರಲಿಲ್ಲ. ಯಾಕೆ ಅಂತ ಊಹಿಸೋದು ಕಷ್ಟವಲ್ಲ. ಅಳಿಯನಿಗೆ ಎದುರಿಗಿರೋ ಮುದುಕಿ ಸಾಕು. ಮಗಳಿಗೆ ಹಳೇ ಅಮ್ಮ ಬೇಕು. "ಹೌದು" ಅಂದಕೂಡಲೇ ಆ ಅಮ್ಮನನ್ನು ಬಿಟ್ಟುಕೊಟ್ಟ ಹಾಗೆ.

"ಅರವತ್ತಕ್ಕೆ ಅರಳು ಮರಳು" ಅಂತ ಗಾದೆ ಕಟ್ಟಿ ಸುಮ್ಮನಾಗೋ ನಮ್ಮಲ್ಲೂ ಈ ವಿದ್ಯೆಯ ಬೇರು ಇಲ್ಲದಿಲ್ಲ. ಅಜ್ಜಿ ಕತೆ ಹೇಳುವಾಗ ಹ್ಞೂಂಗುಟ್ಟಬೇಕಿತ್ತು, ನೆನಪಿದೆಯಾ? ಹ್ಞೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಆಗ "ಏಳು ತಲೆಯ ಹಾವು ಎಲ್ಲಿರುತ್ತೆ ಅಜ್ಜಿ?" ಅಂತ ನಾವು ತಿದ್ದುತ್ತಿರಲಿಲ್ಲ.

ನಿಮ್ಮ ಮನೆಗಳಲ್ಲಿ ಹೇಗೆ? ತಿದ್ದುತ್ತೀರೋ, ಹ್ಞೂಂಗುಟ್ಟುತ್ತೀರೋ? ಬರೆಯಿರಿ.