ಜೆಬೆಸ್ ಗ್ರಹದ ಮುಚ್ಚಿದ ಬಾಗಿಲುಗಳು

ವಿಡಿಯೋ ಆಟಗಳಿಗೆ ಆಯುಷ್ಯ ಕಡಿಮೆ. ಇಂದು ಕಣ್ಣು ಕೋರೈಸುವ ಚಿತ್ರ ನಾಲ್ಕೈದು ವರ್ಷಗಳಲ್ಲಿ ಮಂಕಾಗುತ್ತದೆ. ಆಡಿಸುವ ಯಂತ್ರವೇ ಅಂಗಡಿಗಳಿಂದ ಮಾಯವಾಗುತ್ತದೆ. ಆದರೂ 1994ರ ಮಾರ್ಚ್ ತಿಂಗಳಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಸೂಪರ್ ಮೆಟ್ರಾಯ್ಡ್’ ಎಂಬ ಆಟವನ್ನು ಮೂವತ್ತು ವರ್ಷ ದಾಟಿದ ಮೇಲೂ ಜನ ಆಡುತ್ತಿದ್ದಾರೆ. ಅದು ಬಂದಾಗ ಇನ್ನೂ ಹುಟ್ಟದಿದ್ದವರೂ ಆಡುತ್ತಿದ್ದಾರೆ. ಬಾಲ್ಯದ ನೆನಪಿನ ಮೋಹ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಆ ನೆನಪೇ ಇಲ್ಲದವರನ್ನು ಈ ಆಟ ಹಿಡಿದಿಟ್ಟಿರುವುದು ಹೇಗೆ?

ಇದನ್ನು ತಯಾರಿಸಿದ್ದು ಕ್ಯೋಟೊ ನಗರದ ನಿಂಟೆಂಡೊ ಸಂಸ್ಥೆ. 1889ರಲ್ಲಿ ಹೂವಿನ ಚಿತ್ರದ ಇಸ್ಪೀಟೆಲೆ ಮಾರುತ್ತಾ ಹುಟ್ಟಿದ ಕಂಪನಿಯಿದು. ಆ ಎಲೆಗಳನ್ನು ಮಾಡುವ ಯಂತ್ರಗಳನ್ನು ನೋಡಿಕೊಳ್ಳಲು 1965ರಲ್ಲಿ ಕೆಲಸಕ್ಕೆ ಸೇರಿದ ಗುನ್‌ಪೈ ಯೊಕೊಯ್ ಮುಂದೆ ಅಲ್ಲಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಅಂಗೈಯಗಲದ ‘ಗೇಮ್ ಬಾಯ್’ ಯಂತ್ರ ಬಂದದ್ದು ಇವರ ವಿಭಾಗದಿಂದಲೇ. ಮೊದಲ ‘ಮೆಟ್ರಾಯ್ಡ್’ 1986ರಲ್ಲಿ ಹೊರಬಂದಿತು. ‘ಏಲಿಯನ್’ ಎಂಬ ಹಾಲಿವುಡ್ ಚಿತ್ರದ ಛಾಯೆ ಅದರ ಮೇಲೆ ದಟ್ಟವಾಗಿತ್ತು. ಲೋಹದ ಕವಚ ತೊಟ್ಟ ಯೋಧ ಒಬ್ಬಂಟಿಯಾಗಿ ಜೆಬೆಸ್ ಎಂಬ ಗ್ರಹದ ಒಡಲಿಗಿಳಿದು, ಪ್ರಾಣಶಕ್ತಿ ಹೀರುವ ‘ಮೆಟ್ರಾಯ್ಡ್’ ಜೀವಿಗಳನ್ನು ಎದುರಿಸುವ ಕಥೆ. ಆಟವನ್ನು ಬೇಗ ಮುಗಿಸಿದವರಿಗೆ ಮಾತ್ರ ಕೊನೆಯಲ್ಲಿ ಕವಚ ಕಳಚಿ ತಿಳಿಯುತ್ತಿತ್ತು: ಸಾಮಸ್ ಅರಾನ್ ಎಂಬ ಆ ಯೋಧ ಹೆಣ್ಣು.

ಯೋಶಿಯೊ ಸಕಾಮೊಟೊ ನಿರ್ದೇಶಿಸಿದ 1994ರ ಆಟ ಈ ಸರಣಿಯಲ್ಲಿ ಮೂರನೆಯದು. ಇಡೀ ಆಟ ಅಡಗಿದ್ದುದು 24 ಮೆಗಾಬಿಟ್, ಅಂದರೆ ಕೇವಲ 3 ಮೆಗಾಬೈಟ್ ಹಿಡಿಸುವ ಒಂದು ಕ್ಯಾಸೆಟ್ಟಿನಲ್ಲಿ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅಷ್ಟು ಜಾಗ ತಿನ್ನುತ್ತದೆ.

ಆ ಕಾಲದ ಬಹುಪಾಲು ಆಟಗಳು ರೈಲು ಪ್ರಯಾಣದಂತಿದ್ದವು. ಎಡದಿಂದ ಬಲಕ್ಕೆ ಸಾಗುವುದು, ಒಂದು ಹಂತ ಮುಗಿದರೆ ಮತ್ತೊಂದು. ದಾಟಿದ ನಿಲ್ದಾಣಕ್ಕೆ ಮತ್ತೆ ಹೋಗುವ ಮಾತಿಲ್ಲ. ‘ಸೂಪರ್ ಮೆಟ್ರಾಯ್ಡ್’ ಒಂದು ದೊಡ್ಡ ಹಳೇ ಮನೆಯಂತೆ. ಎಲ್ಲ ಕೋಣೆಗಳೂ ಒಂದಕ್ಕೊಂದು ಕೂಡಿಕೊಂಡಿವೆ, ಹೆಚ್ಚಿನ ಬಾಗಿಲುಗಳು ಮುಚ್ಚಿವೆ. ಹಸಿರು ಬಾಗಿಲಿಗೆ ದೊಡ್ಡ ಕ್ಷಿಪಣಿ ಬೇಕು. ಹಳದಿ ಬಾಗಿಲಿಗೆ ಮಹಾಬಾಂಬು. ಕೆಲವು ಗೂಡುಗಳು ಜಿಗಿತಕ್ಕೆ ನಿಲುಕದಷ್ಟು ಎತ್ತರದಲ್ಲಿವೆ. ನಾರ್ಫೇರ್ ಎಂಬ ಪ್ರದೇಶದ ಕಾವಿಗೆ ಬರಿಯ ಕವಚ ತಡೆಯುವುದಿಲ್ಲ. ಆಟಗಾರ ಇವನ್ನೆಲ್ಲ ನೋಡಿ, ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಮುಂದೆ ಹೋಗಬೇಕು. ಗಂಟೆಗಳ ಬಳಿಕ ಎಲ್ಲೋ ದೂರದಲ್ಲಿ ಒಂದು ಹೊಸ ಶಕ್ತಿ ಕೈಗೆ ಬಂದಾಗ, ಆ ಹಳೆಯ ಗೋಡೆ ತಟ್ಟನೆ ನೆನಪಾಗುತ್ತದೆ. ಗೋಡೆ ಬದಲಾಗಿಲ್ಲ, ಬದಲಾದವನು ಆಟಗಾರ. ಚಿಕ್ಕಂದಿನಲ್ಲಿ ಕೈಗೆಟುಕದ ಅಟ್ಟ ಒಂದು ದಿನ ತಾನಾಗಿ ಎಟುಕಿದಂತೆ.

ಈ ಯುಕ್ತಿ ಚಿತ್ರದ ಅಂದಚಂದವನ್ನು ನೆಚ್ಚಿಕೊಂಡಿಲ್ಲ, ಮನುಷ್ಯನ ಜ್ಞಾಪಕಶಕ್ತಿಯನ್ನು ನೆಚ್ಚಿಕೊಂಡಿದೆ. ಅದಕ್ಕೇ ಹಳತಾಗಿಲ್ಲ.

ಎರಡನೆಯದು ಮೌನ. ಆರಂಭದ ಸಣ್ಣ ನಿರೂಪಣೆ ಮುಗಿದ ಮೇಲೆ ಈ ಆಟದಲ್ಲಿ ಸಂಭಾಷಣೆಯೇ ಇಲ್ಲ. ಕದ್ದೊಯ್ದ ಮೆಟ್ರಾಯ್ಡ್ ಮರಿಯೊಂದನ್ನು ಹುಡುಕುತ್ತಾ ಸಾಮಸ್ ಮಳೆ ಸುರಿಯುವ ಜೆಬೆಸ್‌ನಲ್ಲಿ ಇಳಿಯುತ್ತಾಳೆ. ಮೊದಲು ಎದುರಾಗುವ ಸುರಂಗಗಳಲ್ಲಿ ಒಬ್ಬ ಶತ್ರುವೂ ಇಲ್ಲ. ಎಂಟು ವರ್ಷ ಹಿಂದಿನ ಮೊದಲ ಆಟದ ಕೊನೆಯ ಕೋಣೆಗಳು ಅಲ್ಲಿ ಪಾಳುಬಿದ್ದಿವೆ. ದೇಹವನ್ನು ಉಂಡೆಯಾಗಿಸುವ ಶಕ್ತಿಯನ್ನೂ ಕ್ಷಿಪಣಿಯನ್ನೂ ಪಡೆದು ಅದೇ ದಾರಿಯಲ್ಲಿ ಹಿಂತಿರುಗಿದರೆ, ಖಾಲಿಯಿದ್ದ ಸುರಂಗದಲ್ಲಿ ಕಡಲ್ಗಳ್ಳರಂಥ ಬಾಹ್ಯಾಕಾಶ ದರೋಡೆಕೋರರು ಕಾದಿರುತ್ತಾರೆ. ಗ್ರಹ ಎಚ್ಚೆತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೆಂಜಿ ಯಮಾಮೊಟೊ, ಮಿನಾಕೊ ಹಮಾನೊ ಅವರ ಸಂಗೀತ ಮಾತ್ರ ಬದಲಾಗುತ್ತದೆ.

ಪಾಠ ಹೇಳುವ ರೀತಿಯೂ ಇಂಥದೇ. ಆಳವಾದ ಒಂದು ಬಾವಿಯಂಥ ಕೋಣೆಯಲ್ಲಿ ಮೂರು ಪುಟ್ಟ ಪ್ರಾಣಿಗಳು ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಮೇಲೇರುತ್ತವೆ. ನೋಡಿ ಕಲಿತರೆ ಸಾಮಸ್‌ಳಿಗೂ ಅದು ಸಾಧ್ಯ. ಆ ವಿದ್ಯೆ ಆಟ ಶುರುವಾದ ಕ್ಷಣದಿಂದಲೂ ಅವಳಲ್ಲಿ ಇದ್ದದ್ದೇ! ಇನ್ನೊಂದೆಡೆ ಉಷ್ಟ್ರಪಕ್ಷಿಯಂಥ ಹಕ್ಕಿ ಓಡಿ ಓಡಿ ನೆಟ್ಟಗೆ ಆಕಾಶಕ್ಕೆ ನೆಗೆಯುವುದನ್ನು ತೋರಿಸುತ್ತದೆ. ಪರದೆಯ ಮೂಲೆಯಲ್ಲಿ ಬಾಣದ ಗುರುತು ಹಾಕಿ ‘ಇಲ್ಲಿಗೆ ಹೋಗು’ ಎನ್ನುವ ನಂತರದ ಹಲವು ಆಟಗಳಿಗೆ ಈ ತಾಳ್ಮೆ ಬರಲಿಲ್ಲ.

ದೋಷಗಳೇ ಇಲ್ಲವೆಂದಲ್ಲ. ಕ್ಷಿಪಣಿ, ಬಾಂಬುಗಳನ್ನು ಒಂದೇ ಗುಂಡಿ ಒತ್ತುತ್ತಾ ಸರದಿಯಲ್ಲಿ ಆಯ್ದುಕೊಳ್ಳಬೇಕು. ಕಾಳಗದ ನಡುವೆ ಇದು ರೇಗಿಸುತ್ತದೆ. ಗೋಡೆ ಪುಟಿತ ಕೈಗೆ ಹತ್ತಲು ದಿನಗಳೇ ಬೇಕಾಗಬಹುದು. ಕಾಲಿಟ್ಟರೆ ಕುಸಿಯುವ ಸೇತುವೆಯೊಂದನ್ನು ಓಡುವ ಗುಂಡಿ ಒತ್ತಿಹಿಡಿದರಷ್ಟೇ ದಾಟಬಹುದು. ಅದು ಹೊಳೆಯದೆ ಅಲ್ಲೇ ಆಟ ಬಿಟ್ಟೆದ್ದವರಿದ್ದಾರೆ. ಮೌನವನ್ನು ನಂಬಿದ್ದಕ್ಕೆ ತೆತ್ತ ಬೆಲೆ ಇದು ಎನ್ನಬೇಕು.

ಅದೇ ಡಿಸೆಂಬರಿನಲ್ಲಿ ಸೋನಿಯ ‘ಪ್ಲೇಸ್ಟೇಷನ್’ ಬಂದು ಎಲ್ಲರ ಕಣ್ಣೂ ಮೂರು ಆಯಾಮದ ಚಿತ್ರಗಳತ್ತ ಹೊರಳಿತು. ಯೊಕೊಯ್ 1996ರಲ್ಲಿ ಸಂಸ್ಥೆ ಬಿಟ್ಟರು, ಮರುವರ್ಷ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸರಣಿಯ ಮುಂದಿನ ಆಟ ಬಂದದ್ದು 2002ರಲ್ಲಿ. ಆದರೆ ಈ ನಡುವೆ 1997ರಲ್ಲಿ ಕೊನಾಮಿ ಸಂಸ್ಥೆಯ ‘ಕ್ಯಾಸಲ್‌ವೇನಿಯಾ’ ಸರಣಿ ಇದೇ ಹಾದಿ ಹಿಡಿದಿತ್ತು. ಎರಡರ ಹೆಸರನ್ನೂ ಬೆಸೆದು ‘ಮೆಟ್ರಾಯ್ಡ್‌ವೇನಿಯಾ’ ಎಂಬ ಪ್ರಕಾರವೇ ಹುಟ್ಟಿತು. ಆಸ್ಟ್ರೇಲಿಯಾದ ಸಣ್ಣ ತಂಡವೊಂದು 2017ರಲ್ಲಿ ಹೊರತಂದು ಹೆಸರು ಮಾಡಿದ ‘ಹಾಲೋ ನೈಟ್’ ಈ ವಂಶದ ಕುಡಿ.

ಆಟದ ಕೊನೆಯಲ್ಲಿ ಸಾಮಸ್ ಹುಡುಕಿ ಬಂದ ಮರಿ ಅವಳಿಗಾಗಿ ಪ್ರಾಣ ಬಿಡುತ್ತದೆ, ಅದೂ ಒಂದು ಮಾತಿಲ್ಲದೆ. ಬಳಿಕ ಗ್ರಹ ಸಿಡಿಯಲು ಮೂರು ನಿಮಿಷ. ನೌಕೆಗೆ ಓಡುವ ದಾರಿಯ ಪಕ್ಕದ ಕೋಣೆಯೊಂದರಲ್ಲಿ, ಹಿಂದೆ ವಿದ್ಯೆ ಕಲಿಸಿದ ಆ ಮೂರು ಪ್ರಾಣಿಗಳೂ ಹಕ್ಕಿಯೂ ಸಿಕ್ಕಿಬಿದ್ದಿರುತ್ತವೆ. ಅತ್ತ ಹೋಗೆಂದು ಯಾರೂ ಹೇಳುವುದಿಲ್ಲ, ಬಿಡಿಸಿದರೆ ಅಂಕವೂ ಇಲ್ಲ. ಅಮೆರಿಕದಲ್ಲಿ ದತ್ತಿ ಸಂಗ್ರಹಕ್ಕಾಗಿ ನಡೆಯುವ ವೇಗದಾಟದ ಮೇಳಗಳಲ್ಲಿ ಈ ಪ್ರಾಣಿಗಳನ್ನು ಉಳಿಸಬೇಕೇ ಬೇಡವೇ ಎಂದು ದಾನಿಗಳು ಪೈಪೋಟಿಯಿಂದ ಹಣ ಹಾಕುವುದುಂಟು. ಉಳಿಸಿದರೆ, ಜೆಬೆಸ್ ಸಿಡಿಯುವ ಕೊನೆಯ ದೃಶ್ಯದಲ್ಲಿ ಒಂದು ಸಣ್ಣ ಬೆಳಕಿನ ಚುಕ್ಕೆ ಪಕ್ಕಕ್ಕೆ ಜಾರಿ ದೂರವಾಗುತ್ತದೆ. ಕಣ್ಣಿಟ್ಟು ನೋಡದವರಿಗೆ ಅದು ಕಾಣುವುದೂ ಇಲ್ಲ.